ಮುಂದಿನ ಚಕ್ರದ ಅಂಟು

ಒರಿಯೆತ್ತಾ ಸತ್ತಿದ್ದು ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ, ತನ್ನ ಅಡುಗೆಮನೆಯ ಕುರ್ಚಿಯಲ್ಲಿ. ಮಿದುಳಿನ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಗಂಡ ಎಲ್ವಿಯೊ ಮಹಡಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅವನು ಕೆಳಗಿಳಿದಾಗ ಕಾಫಿ ಸಿದ್ಧವಾಗಿತ್ತು, ಒಲೆ ಆರಿತ್ತು, ಅವಳು ಗೋಡೆಗೆ ತಲೆ ಒರಗಿಸಿ ಕೂತಿದ್ದಳು. "ನಂಗೂ ಒಂದು ಕಪ್ ಹಾಕೇ" ಅಂದನಂತೆ. ಉತ್ತರ ಬಾರದಿದ್ದಾಗ ಇನ್ನೊಂದು ಸಲ ಅಂದನಂತೆ.

ನಾನು ಬ್ರೂನಾ, ಎದುರು ಮನೆಯವಳು. ಊರಿನ ಶಾಲೆಯಲ್ಲಿ ಸಾಹಿತ್ಯ ಪಾಠ ಮಾಡಿ ನಿವೃತ್ತಳಾದವಳು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಕೈಗಾಡಿ ಹೋಗುವಷ್ಟು ಓಣಿ. ಎಲ್ವಿಯೊ ಕಿಟಕಿಯಿಂದ ಕೂಗಿದ್ದು ನನ್ನ ಹೆಸರನ್ನೇ. ಸಾವಿನ ಬಗ್ಗೆ ಓದಿದ್ದು ಬೇಕಾದಷ್ಟಿತ್ತು, ಆವತ್ತು ಒಂದೂ ಕೈಗೆ ಬರಲಿಲ್ಲ. ಅವಳಿಗೆ ಬಟ್ಟೆ ಉಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬೂದು ಬಣ್ಣದ ಲಂಗ, ಬಿಳಿ ಅಂಗಿ. ಬಲಗೈ ಹೆಬ್ಬೆರಳಿಗೆ ಕಂದು ಬಣ್ಣದ ಅಂಟು ಮೆತ್ತಿತ್ತು. ಬಿಸಿನೀರಿನಲ್ಲಿ ಉಜ್ಜಿದೆ, ಸೋಪು ಹಾಕಿದೆ, ಕೊನೆಗೆ ಆಲಿವ್ ಎಣ್ಣೆ ಹಚ್ಚಿದೆ. ಹೋಗಲಿಲ್ಲ. ಬಿಟ್ಟುಬಿಟ್ಟೆ. ಆ ಬೆರಳನ್ನು ಅಂಟಿಲ್ಲದೆ ನಮ್ಮಲ್ಲಿ ಯಾರು ತಾನೇ ನೋಡಿದ್ದರು?

ನಾವು ಮೂವರೂ ಸೇರಿದ್ದ ನಮ್ಮೂರ ಸೈಕಲ್ ಕ್ಲಬ್ಬಿನವರೆಲ್ಲ ಹಳೆಯ ಸೈಕಲ್ಲುಗಳ ಹುಚ್ಚರು. ಕಬ್ಬಿಣದ ಚೌಕಟ್ಟು, ಚರ್ಮದ ಸೀಟು, ಉಣ್ಣೆಯ ಅಂಗಿ. ಈ ಸೈಕಲ್ಲುಗಳ ಟಯರೂ ಬೇರೆ ತರಹದ್ದು. ಟ್ಯೂಬನ್ನು ಒಳಗಿಟ್ಟು ಸುತ್ತ ಹೊಲಿದ ಒಂದು ಹತ್ತಿಯ ಕೊಳವೆ ಅದು, ಮೇಲೆ ಒಂದು ಪಟ್ಟಿ ರಬ್ಬರು. ರಿಮ್ಮಿನ ಮೇಲೆ ಅದನ್ನು ಹಿಡಿದಿಡುವುದು ಅಂಟೊಂದೇ. ರಿಮ್ಮಿಗೆ ಒಂದು ಕೋಟು ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ಹಚ್ಚಬೇಕು, ಮತ್ತೆ ಬಿಡಬೇಕು, ಆಮೇಲೆ ಟಯರು ಕೂರಿಸಬೇಕು. ಅವಸರ ಮಾಡಿದವರನ್ನು ಆ ಟಯರು ಯಾವುದಾದರೂ ಇಳಿಜಾರಿನ ತಿರುವಿನಲ್ಲಿ ಕಾಲುಚೀಲ ಕಳಚಿದಂತೆ ಕಳಚಿಕೊಂಡು ಬೀಳಿಸುತ್ತದೆ.

ಒರಿಯೆತ್ತಾ ತೊರ್ತೋನಾ ಪಟ್ಟಣದ ಒಂದು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಪಂಕ್ಚರ್ ಆದ ಟಯರಿನ ಹೊಲಿಗೆ ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಅದೇ ತೂತುಗಳಲ್ಲಿ ದಾರ ಹಾಯಿಸಿ ಹೊಲಿದು ಕೊಡುತ್ತಿದ್ದಳು. ಇಡೀ ಕಣಿವೆಯ ಟಯರುಗಳು ಅವಳ ಅಡುಗೆಮನೆಗೆ ಬರುತ್ತಿದ್ದವು. ಹೊಸ ಟಯರು ಕೊಂಡರೆ ನೇರವಾಗಿ ರಸ್ತೆಗೆ ತಂದವಳಲ್ಲ. ನೆಲಮಾಳಿಗೆಯ ಕತ್ತಲಲ್ಲಿ, ಹಂದಿಮಾಂಸದ ಸಲಾಮಿಗಳ ಪಕ್ಕದಲ್ಲೇ, ವರ್ಷಗಟ್ಟಲೆ ತೂಗುಹಾಕಿ ಹದಕ್ಕೆ ಬರಿಸುತ್ತಿದ್ದಳು.

"ಒಂದಿನ ಇವಳು ಟಯರನ್ನೇ ತೆಳ್ಳಗೆ ಕುಯ್ದು ಬ್ರೆಡ್ ಜೊತೆ ಬಡಿಸ್ತಾಳೆ ನೋಡ್ತಿರು" ಅನ್ನುತ್ತಿದ್ದ ಎಲ್ವಿಯೊ.

"ಬಡಿಸಾಯ್ತು. ಹೋದ ಭಾನುವಾರ ಚಪ್ಪರಿಸ್ಕೊಂಡು ತಿಂದ್ಯಲ್ಲ" ಅನ್ನುತ್ತಿದ್ದಳು ಅವಳು, ಸೂಜಿಯಿಂದ ಕಣ್ಣು ತೆಗೆಯದೆ.

ಅವಳು ಸೈಕಲ್ ಕಲಿತದ್ದು ಅಪ್ಪನ ಬ್ರೆಡ್ ಮಾರುವ ಸೈಕಲ್ಲಿನಲ್ಲಿ, ಸೀಟಿನಿಂದ ಕಾಲು ನಿಲುಕದೆ ಒಳಪೆಡಲ್ ಹೊಡೆಯುತ್ತ. ಮುಂದೆ ಕಾರ್ಖಾನೆಗೂ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಆ ದಾರಿಯ ಬಸ್ಸಿಗೆ ಎಲ್ವಿಯೊ ಡ್ರೈವರು. ಏರಿನಲ್ಲಿ ಬಸ್ಸು ಅವಳನ್ನು ಹಿಂದಿಕ್ಕುತ್ತಿತ್ತು, ಸ್ಟಾಪಿನಲ್ಲಿ ನಿಂತಾಗ ಅವಳು ಬಸ್ಸನ್ನು ಹಿಂದಿಕ್ಕುತ್ತಿದ್ದಳು. ಒಂದು ದಿನ ಅವಳು ಡ್ರೈವರ್ ಕಿಟಕಿಯ ಪಕ್ಕ ಬಂದು, "ಏನ್ರೀ, ಇವತ್ತು ಜಾಸ್ತಿ ಜನ ಹತ್ತಿಸ್ಕೊಂಡಿದೀರಾ? ಏದುಸಿರು ಬಿಡ್ತಿದೆ ನಿಮ್ಮ ಗಾಡಿ" ಅಂದಳಂತೆ. ಎಲ್ವಿಯೊ ಈ ಮಾತನ್ನು ನಲವತ್ತು ವರ್ಷ ಎಲ್ಲರಿಗೂ ಹೇಳಿದ. ಮದುವೆಯಾದದ್ದಕ್ಕೆ ಬೇರೆ ಕಾರಣ ಯಾವತ್ತೂ ಕೊಡಲಿಲ್ಲ.

ನೀಲಿ ಸೈಕಲ್ಲಿನ ಕಥೆಯನ್ನು ಮಾತ್ರ ಅವಳೇ ಹೇಳಬೇಕಿತ್ತು. ಪೋ ನದಿಯ ಕಡೆಯ ಬಯಲಿನಲ್ಲಿ, ಒಬ್ಬ ಮುದುಕನ ತೋಟದಲ್ಲಿ ಅದು ಸಿಕ್ಕಿತು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ತಯಾರಾದ ರೇಸಿನ ಸೈಕಲ್ಲು, ಹುರುಳಿಕಾಯಿಯ ಬಳ್ಳಿಗೆ ಊರುಗೋಲಾಗಿ ನಿಂತಿತ್ತು. ಚಕ್ರದ ಕಡ್ಡಿಗಳ ತುಂಬ ಬಳ್ಳಿ, ಹ್ಯಾಂಡಲ್ಲಿನಿಂದ ಕಾಯಿ ಇಳಿಬಿದ್ದಿತ್ತು.

"ಸೈಕಲ್ ತಗೊಂಡ್ ಹೋಗಿ, ನಂಗೇನಂತೆ" ಅಂದನಂತೆ ಮುದುಕ. "ಆದ್ರೆ ಹುರುಳಿಕಾಯಿ ಮುಗೀಲಿ."

ಆ ಬೇಸಿಗೆ ಪ್ರತಿ ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋಗಿ ಹುರುಳಿಕಾಯಿ ಬಿಡಿಸಿದರು. ಊರಲ್ಲಿ ನಮ್ಮೆಲ್ಲರ ಮನೆಗೂ ಹುರುಳಿಕಾಯಿ ಹಂಚಿದರು. ಬಳ್ಳಿ ಒಣಗುವ ಹೊತ್ತಿಗೆ ಮುದುಕನಿಗೆ ಅವರನ್ನು ಬಿಟ್ಟಿರಲಾಗುತ್ತಿರಲಿಲ್ಲ. ಹಿಂದಿನ ಚಕ್ರದ ಹತ್ತಿರದ ಸವೆದ ನೀಲಿಯ ಮೇಲೆ ಬಳ್ಳಿ ಸುತ್ತಿದ ಹಸಿರು ಗುರುತು ಈಗಲೂ ಇದೆ. ಎಲ್ವಿಯೊಗೆ ಅದಕ್ಕೆ ಬಣ್ಣ ಹೊಡೆಸಬೇಕು ಅಂತ ಆಸೆ.

"ಹೊಸಾದ್ರ ತರ ಫಳಫಳ ಅನ್ನತ್ತೆ ಕಣೇ."

"ನಿನಗೂ ಹೊಡೆಸ್ತೀನಿ ಬಾ, ಇಬ್ರೂ ಫಳಫಳ ಅಂತ ಇರಿ."

ಬಣ್ಣ ಹೊಡೆಸಲಿಲ್ಲ. ಇಬ್ಬರೂ ಒಂದೇ ಎತ್ತರದವರು, ಆದ್ದರಿಂದ ಸರದಿ ಮಾಡಿಕೊಂಡರು. ಅಕ್ಟೋಬರಿನಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ನಮ್ಮ ಕ್ಲಬ್ಬಿನ ಹಳೆ ಸೈಕಲ್ಲುಗಳ ಸವಾರಿ ಇರುತ್ತದೆ, ಬೆಟ್ಟದ ಬಿಳಿ ಮಣ್ಣಿನ ರಸ್ತೆಗಳಲ್ಲಿ. ನೀಲಿ ಸೈಕಲ್ಲು ಒಂದು ವರ್ಷ ಅವಳಿಗೆ, ಒಂದು ವರ್ಷ ಅವನಿಗೆ. ಗೇರು ಬದಲಿಸಲು ಆ ಸೈಕಲ್ಲಿನಲ್ಲಿ ಬೆನ್ನ ಹಿಂದೆ ಕೈ ಹಾಕಿ ಒಂದು ಸರಳು ತಿರುಗಿಸಿ ಚಕ್ರ ಸಡಿಲಿಸಬೇಕು, ಹಿಂದಕ್ಕೆ ಪೆಡಲ್ ತುಳಿಯುತ್ತ ಇನ್ನೊಂದು ಸರಳಿನಿಂದ ಚೈನು ಜರುಗಿಸಬೇಕು, ಮತ್ತೆ ಬಿಗಿ ಮಾಡಬೇಕು. ಇಷ್ಟೂ ಓಡುತ್ತಿರುವಾಗಲೇ. ಬಸ್ ಡ್ರೈವರಿಗೆ ಅದು ಜೀವನಪೂರ್ತಿ ಒಗ್ಗಲಿಲ್ಲ. "ಹಿಂದಕ್ಕೆ ತುಳಿ! ಹಿಂದಕ್ಕೆ!" ಎಂದು ಅವಳು ಬೆನ್ನ ಹಿಂದಿನಿಂದ ಕಿರುಚುವುದು ಬೆಟ್ಟವಿಡೀ ಕೇಳುತ್ತಿತ್ತು. "ಏರಲ್ಲಿ ಯಾವ ಹುಚ್ಚ ಹಿಂದಕ್ಕೆ ತುಳೀತಾನೆ?" ಎಂದು ಅವನೂ ಕಿರುಚುತ್ತಿದ್ದ.

ಈ ವರ್ಷದ ಸರದಿ ಅವಳದು.

ಕ್ಲಬ್ಬಿನವರು ಸತ್ತರೆ ಅವರ ಸೈಕಲ್ಲು ಚರ್ಚಿನೊಳಗೆ ಬಂದು ಶವಪೆಟ್ಟಿಗೆಯ ಪಕ್ಕ ನಿಲ್ಲುತ್ತದೆ. ಎರಡೂ ಚಕ್ರದಲ್ಲಿ ಗಾಳಿ ಗಟ್ಟಿಯಾಗಿರಬೇಕು, ಈಗಲೇ ಹತ್ತಿ ಹೊರಡುವ ಹಾಗಿರಬೇಕು. ನಮ್ಮ ಅಧ್ಯಕ್ಷ ಗೌದೆನ್ಸಿಯೊಗೆ ಎಂಬತ್ತು ದಾಟಿದೆ, ಈ ವಿಷಯದಲ್ಲಿ ಅವನು ಪಾದ್ರಿಯ ಮಾತನ್ನೂ ಕೇಳುವುದಿಲ್ಲ. ಶನಿವಾರ, ಅಂತ್ಯಕ್ರಿಯೆಯ ದಿನ ಬೆಳಿಗ್ಗೆ, ಅವನು ಬಾಗಿಲು ತಟ್ಟಿ ಸೈಕಲ್ ಕೊಡು ಅಂದ. ಎಲ್ವಿಯೊ ನೆಲಮಾಳಿಗೆಗೆ ಒಬ್ಬನೇ ಇಳಿದುಹೋದ. ತುಂಬ ಹೊತ್ತಾದ ಮೇಲೆ ಸೈಕಲ್ ಹೆಗಲ ಮೇಲೆ ಹೊತ್ತು ಹತ್ತಿ ಬಂದ. ಚರ್ಚಿನಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಅವನ ಬಿಳಿ ಅಂಗಿಯ ತೋಳಿನ ತುದಿ ಕಪ್ಪಾಗಿತ್ತು. ಬೂಟ್ ಪಾಲಿಶ್ ಇರಬೇಕು ಅಂದುಕೊಂಡೆ.

ಅದಾದ ಮೇಲಿನ ದಿನಗಳು ಹೇಗೆ ಹೋದವೋ ತಿಳಿಯದು. ಎಲ್ವಿಯೊ ಒಂದು ಕಡೆ ಕೂರಲಿಲ್ಲ. ಕಿಟಕಿಯಿಂದ ನೋಡಿದರೆ ಅಡುಗೆಮನೆಯ ಕುರ್ಚಿಯನ್ನು ಹಜಾರಕ್ಕೆ ತಂದಿರುತ್ತಿದ್ದ, ಮಧ್ಯಾಹ್ನದೊಳಗೆ ಅದು ಮತ್ತೆ ಅಡುಗೆಮನೆಯಲ್ಲಿ. ನೆಲಮಾಳಿಗೆಯ ಬಾಗಿಲು ಕಿರ್ ಅನ್ನುತ್ತಲೇ ಇರುತ್ತಿತ್ತು. ಬೆಳಿಗ್ಗೆ ಎದ್ದರೆ ಮೊದಲು ಪಂಪಿನ ಸದ್ದು. ಆ ಟಯರುಗಳ ಗಾಳಿ ರಾತ್ರಿ ಕಳೆಯುವುದರೊಳಗೆ ಇಳಿದುಬಿಡುತ್ತದೆ, ಅವನು ದಿನಾ ಹೊಡೆಯುತ್ತಿದ್ದ. ನಾನೂ ಪುಸ್ತಕ ತೆರೆದು ಅದೇ ಪುಟವನ್ನು ಹಿಡಿದುಕೊಂಡು ಆ ಪಂಪಿನ ಸದ್ದು ಕೇಳುತ್ತಿದ್ದೆ. ಸಾರು ಮಾಡಿ ತೆಗೆದುಕೊಂಡು ಹೋದರೆ ನಿಂತುಕೊಂಡೇ ಕುಡಿಯುತ್ತಿದ್ದ.

"ಕೂತ್ಕೊಂಡು ಕುಡಿಯೋ."

"ಕೂತ್ರೆ ಏಳಕ್ಕಾಗಲ್ಲ ಬ್ರೂನಾ. ಗೊತ್ತಿದೆ ನಂಗೆ."

ಒಂದು ದಿನ ಹಾಗೆ ನಿಂತುಕೊಂಡೇ ಹೇಳಿದ. "ಈ ಸಲ ಅವಳ ಸರದೀಲಿ ನಾನು ಹೋಗ್ತೀನಿ. ನೀಲಿ ತಗೊಂಡು. ಎರಡೂ ಟಯರು ಕೂರಿಸಿ ರೆಡಿ ಮಾಡಿಟ್ಟು ಹೋಗಿದಾಳೆ. ಅವಳ ಕೊನೇ ಕೆಲಸ ಅದು."

ನನಗೆ ಅವಳ ಹೆಬ್ಬೆರಳು ನೆನಪಾಯಿತು. ಹೌದು ಅಂದೆ.

ಸವಾರಿಯ ದಿನ ಬೆಳಿಗ್ಗೆ ಚೌಕದ ತುಂಬ ಉಣ್ಣೆಯ ಅಂಗಿ, ನುಸಿಗುಳಿಗೆಯ ವಾಸನೆ, ಹರಟೆ. ಎಲ್ವಿಯೊ ನೀಲಿಯನ್ನು ಕಾರಂಜಿಯ ಕಟ್ಟೆಗೆ ಒರಗಿಸಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ನಾನು ಸುಮ್ಮನೆ ಸೈಕಲ್ಲನ್ನು ನೋಡಿದೆ. ಹಿಂದಿನ ಚಕ್ರದಲ್ಲಿ ಟಯರಿನ ಮೇಲಿನ ಕಂಪನಿಯ ಹೆಸರು ನೇರವಾಗಿ ವಾಲ್ವಿನ ಮೇಲೆ ಬಂದಿತ್ತು. ಒರಿಯೆತ್ತಾ ಯಾವತ್ತೂ ಹಾಗೇ ಕೂರಿಸುತ್ತಿದ್ದದ್ದು. ಒಂದು ಬೆರಳಗಲ ಆಚೀಚೆ ಆದರೂ ಬಿಚ್ಚಿ ಮತ್ತೆ ಹಾಕುತ್ತಿದ್ದಳು, ಕಾಲರ್ ಸೊಟ್ಟ ಕೂತರೆ ಬಿಚ್ಚುತ್ತಿದ್ದ ಹಾಗೆ. ಮುಂದಿನ ಚಕ್ರ ನೋಡಿದೆ. ಹೆಸರು ಒಂದು ಕಡೆ, ವಾಲ್ವು ಇನ್ನೊಂದು ಕಡೆ, ನಡುವೆ ಒಂದು ಗೇಣು.

ಈ ಟಯರು ಕೂರಿಸಿದ್ದು ಅವಳಲ್ಲ. ಹಾಗಾದರೆ ಅದರ ಕೆಳಗೆ ಅಂಟು ಎಷ್ಟಿದೆ?

ಗೌದೆನ್ಸಿಯೊನ ತೋಳು ಹಿಡಿದು ಪಕ್ಕಕ್ಕೆ ಎಳೆದು ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ನೋಡಿದ. ಮುಖ ಸಣ್ಣದಾಯಿತು.

"ಹೋಗಿ ಹೇಳಿ ಮೇಷ್ಟ್ರಮ್ಮ."

"ನೀವು ಅಧ್ಯಕ್ಷರು."

"ಅದಕ್ಕೇ. ನನಗೆ ಹೊಡೀತಾನೆ."

ನಾನು ಹೋಗಿ ಮುಂದಿನ ಟಯರಿನ ಮೇಲೆ ಕೈ ಇಟ್ಟೆ. ಕಲ್ಲಿನ ಹಾಗೆ ಗಟ್ಟಿ. ಅಷ್ಟು ಗಾಳಿ ತುಂಬಿದ್ದರೆ ಅಂಟಿದೆಯೋ ಇಲ್ಲವೋ ಕೈಗೆ ತಿಳಿಯುವುದಿಲ್ಲ. "ಎಲ್ವಿಯೊ, ಇದನ್ನೊಂಚೂರು ಬಿಚ್ಚಿ ನೋಡಣ ಕಣೋ" ಅಂದೆ.

ಅವನು ನನ್ನ ಕೈಯನ್ನು ಹಿಡಿದು ತೆಗೆದ. ಒರಟಾಗಿ ಅಲ್ಲ, ಆದರೆ ತೆಗೆದ. "ಮುಟ್ಟಬೇಡ. ಅವಳ ಕೈ ಕೊನೇ ಸಲ ಮುಟ್ಟಿದ್ದು. ನೀನಾಗ್ಲಿ, ಈ ಮುದುಕನಾಗ್ಲಿ, ದೇವರೇ ಆಗ್ಲಿ, ಯಾರೂ ಬಿಚ್ಚೋ ಹಾಗಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲ ಹೊರಟರು. ಹೆಸರಿನ ವಿಷಯ ಹೇಳುವುದರೊಳಗೆ ಅವನು ಸೀಟು ಹತ್ತಿದ್ದ. ಗೌದೆನ್ಸಿಯೊ ತಿಂಡಿಯ ವ್ಯಾನು ಹತ್ತಿದ. ನಾನು ನನ್ನ ಸೈಕಲ್ ಹತ್ತಿ ಎಲ್ವಿಯೊನ ಬೆನ್ನಿಗೇ ಹೊರಟೆ.

ಆ ಬೆಳಿಗ್ಗೆ ನಾನು ಬೆಟ್ಟ ನೋಡಲಿಲ್ಲ. ಕೊಯ್ಲಾದ ದ್ರಾಕ್ಷಿತೋಟಗಳ ಕೆಂಪು ನೋಡಲಿಲ್ಲ. ನೋಡಿದ್ದು ಒಂದು ಟಯರು. ಏರು ಇರುವ ತನಕ ಭಯವಿಲ್ಲ, ನಿಧಾನವಾಗಿ ತುಳಿಯುವಾಗ ಟಯರು ಎಲ್ಲೂ ಹೋಗುವುದಿಲ್ಲ. ಏರು ಮುಗಿದರೆ ಸಾಂತಾ ಜುಸ್ತಾ ಊರಿನ ಕಡೆಯ ಇಳಿಜಾರು, ಬಿಡಿ ಜಲ್ಲಿ, ಬ್ರೇಕು ಹಿಡಿದು ತಿರುಗಿಸಲೇಬೇಕಾದ ಕಡಿದಾದ ತಿರುವು, ಆಚೆ ಪ್ರಪಾತ. ಆದ್ದರಿಂದ ಏರು ಮುಗಿಯದಿರಲಿ ಎಂದು ಬೇಡಿಕೊಂಡೆ. ನನ್ನ ವಯಸ್ಸಿನವರು ಯಾರೂ ಹಾಗೆ ಬೇಡಿಕೊಂಡಿರಲಿಕ್ಕಿಲ್ಲ. ಸಾಲಿನಲ್ಲಿ ಎಲ್ಲರೂ ಎಲ್ವಿಯೊ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ಅವನು, ಕಲಿಸಿದವಳು ಹಿಂದೆ ಬರುತ್ತಿದ್ದಾಳೆ ಅನ್ನುವ ಹಾಗೆ, ಬೆನ್ನ ಹಿಂದೆ ಕೈ ಹಾಕಿ ಸರಳು ತಿರುಗಿಸಿದ, ಹಿಂದಕ್ಕೆ ತುಳಿದ, ಗೇರು ಸದ್ದಿಲ್ಲದೆ ಬಿತ್ತು. ಅಷ್ಟು ಚೆನ್ನಾಗಿ ಅವನು ಯಾವತ್ತೂ ಹಾಕಿರಲಿಲ್ಲ. ಯಾರೂ ಕಿರುಚಲಿಲ್ಲ. ಅದೇ ಕೇಳಿಸಿತು.

ಬೆಟ್ಟದ ನೆತ್ತಿಯಲ್ಲಿ ತಿಂಡಿಗೆ ನಿಲ್ಲುತ್ತೇವೆ. ಗೌದೆನ್ಸಿಯೊ ಮೇಜಿನ ಹಿಂದೆ ನಿಂತು ಬ್ರೆಡ್ಡು, ಸಲಾಮಿ, ಬಿಳಿ ವೈನು ಹಂಚುತ್ತಿದ್ದ. ಎಲ್ವಿಯೊ ಇಳಿಯಲಿಲ್ಲ. ಒಂದು ಕಾಲು ಊರಿ, ಸೀಟಿನ ಮೇಲೆಯೇ ಒಂದು ಲೋಟ ಕುಡಿದು, ಖಾಲಿ ಲೋಟ ಕೊಟ್ಟು, ಇಳಿಜಾರಿನ ಕಡೆ ಹ್ಯಾಂಡಲ್ ತಿರುಗಿಸಿದ. ನಾನು ನನ್ನ ಸೈಕಲ್ಲನ್ನು ಅಲ್ಲೇ ಬೀಳಲು ಬಿಟ್ಟು ಓಡಿ ಅವನ ಮುಂದೆ ನಿಂತೆ. ಅವನ ಮುಂದಿನ ಚಕ್ರ ನನ್ನ ಎರಡು ಮೊಣಕಾಲುಗಳ ನಡುವೆ.

"ಬ್ರೂನಾ, ದಾರಿ ಬಿಡು."

"ಹೆಸರು ನೋಡು."

"ಯಾವ ಹೆಸರು?"

"ಟಯರ್ ಮೇಲಿಂದು. ವಾಲ್ವ್ ಎಲ್ಲಿದೆ ನೋಡು. ಇದು ಅವಳು ಹಾಕಿರೋದಾ?"

ಅವನು ಬಗ್ಗಿ ನೋಡಿದ. ಸುತ್ತ ಇದ್ದವರು ಅಗಿಯುವುದನ್ನು ನಿಲ್ಲಿಸಿದರು.

"ಅವಳೇ ಹಾಕಿದ್ದು" ಅಂದ. ಆದರೆ ಸ್ವರ ಬೇರೆಯಾಗಿತ್ತು. "ಮನೇಲಿ ಬೇರೆ ಯಾರಿದಾರೆ ಹಾಕಕ್ಕೆ?"

"ಗಾಳಿ ಬಿಟ್ಟು ನೋಡು."

"ಬಿಡಲ್ಲ."

"ಗಾಳಿ ನಿಂದೇ ತಾನೆ? ದಿನಾ ಬೆಳಿಗ್ಗೆ ನೀನೇ ಹೊಡೀತೀಯ, ನಾನು ಕೇಳಿಸ್ಕೊಳ್ತೀನಿ. ನಿನ್ನ ಗಾಳಿ ಮಾತ್ರ ಬಿಡು ಮಾರಾಯ. ಅವಳ ಅಂಟಿದ್ರೆ ಅದು ಎಲ್ಲೂ ಹೋಗಲ್ಲ."

ಅವನು ಸೀಟಿನಿಂದ ಇಳಿದ. ಮುಂದಿನ ಚಕ್ರ ಕಳಚಿ, ಹುಲ್ಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡ. ವಾಲ್ವು ಒತ್ತಿದ. ಗಾಳಿ ಬುಸ್ಸೆಂದು ಹೊರಟಿತು. ಆಮೇಲೆ ಎರಡೂ ಹೆಬ್ಬೆರಳಿನಿಂದ ಟಯರನ್ನು ಪಕ್ಕಕ್ಕೆ ತಳ್ಳಿದ. ತಳ್ಳಿದ ಅನ್ನುವುದೂ ಹೆಚ್ಚು. ಅದು ತಾನಾಗಿಯೇ ಮಗುಚಿಕೊಂಡಿತು. ಚೆನ್ನಾಗಿ ಅಂಟಿದ ಟಯರು ಕೀಳಲು ಗಂಡಸರು ಬೆವರುತ್ತಾರೆ. ಇದು ಸುಮ್ಮನೆ ಅವನ ಕೈಗೆ ಬಂತು.

ಗೌದೆನ್ಸಿಯೊ ಕೈಯಲ್ಲಿ ಬ್ರೆಡ್ಡಿನ ಚಾಕು ಹಿಡಿದುಕೊಂಡೇ ಬಂದು ನಿಂತಿದ್ದ. ಮೆಲ್ಲಗೆ ಅಂದ, "ಶನಿವಾರ ನಾನು ಬಾಗಿಲಲ್ಲಿ ಕಾಯ್ತಾ ಇದ್ನಲ್ಲಪ್ಪ. ನೀನು ಕೆಳಗೆ ಎಷ್ಟು ಹೊತ್ತು ಇದ್ದೆ. ಚರ್ಚಲ್ಲಿ ನಿನ್ನ ಅಂಗಿ ತೋಳು ಕಪ್ಪಗಿತ್ತು."

ಎಲ್ವಿಯೊ ತನ್ನ ತೋಳಿನ ತುದಿ ನೋಡಿಕೊಂಡ, ಆ ಅಂಗಿಯನ್ನೇ ಈಗಲೂ ತೊಟ್ಟಿರುವವನ ಹಾಗೆ.

"ಚಕ್ರ ಬೋಳಾಗಿ ತೂಗಾಡ್ತಿತ್ತು" ಅಂದ. "ಟಯರು ಪಕ್ಕದ ಮೊಳೇಲಿ. ಗೌದೆನ್ಸಿಯೊ, ನೀನು ಮೇಲಿಂದ ಕೂಗ್ತಿದ್ದೆ. ಬೋಳು ಚಕ್ರ ಇಟ್ಕೊಂಡು ಅವಳ ಪಕ್ಕ ಹೇಗೆ ನಿಲ್ಲಿಸೋದು ಅಂತ... ನಾನೇ ಎಳೆದು ಹಾಕ್ಬಿಟ್ಟೆ." ಟಯರನ್ನು ಹುಲ್ಲಿನ ಮೇಲಿಟ್ಟು, "ಮರ್ತೇಹೋಗಿತ್ತು. ಆಣೆಗೂ ಮರ್ತೇಹೋಗಿತ್ತು ಬ್ರೂನಾ" ಅಂದ.

ಯಾರೋ ವ್ಯಾನಿನಲ್ಲಿ ಬೇರೆ ಚಕ್ರ ಇದೆ, ತರಲೇ ಅಂದರು. ಎಲ್ವಿಯೊ ತಲೆಯಾಡಿಸಿ ಬೇಡ ಅಂದ. ಅವನು ರಿಮ್ಮನ್ನು ನಿಧಾನವಾಗಿ ತಿರುಗಿಸಿ ನೋಡುತ್ತಿದ್ದ. ಕಂದು ಅಂಟಿನ ತೆಳು ಪದರ, ಒಂದೇ ಕೋಟು. ಹಚ್ಚಿದವಳ ಕೈ ಸುತ್ತಲೂ ಒಂದೇ ಸಮ ಹೋಗಿತ್ತು. ವಾಲ್ವಿನ ತೂತಿನ ಪಕ್ಕ ಪದರ ಸ್ವಲ್ಪ ಒಳಗೆ ಹೋಗಿ, ಒಂದು ಹೆಬ್ಬೆರಳಿನ ಗೆರೆಗಳು ಹಾಗೆಯೇ ಒಣಗಿ ನಿಂತಿದ್ದವು. ಟಯರು ಅದರ ಮೇಲೆ ಕೂತಿದ್ದರೂ ಅಳಿಸಿರಲಿಲ್ಲ.

ನಾನು ಅವನ ಪಕ್ಕ ಕೂತೆ. ಒರಿಯೆತ್ತಾಗೆ ಬಟ್ಟೆ ಉಡಿಸುವಾಗ ಹೆಬ್ಬೆರಳಿನಲ್ಲಿ ನೋಡಿದ ಅಂಟಿನ ವಿಷಯ ಹೇಳಿದೆ. ಎಣ್ಣೆ ಹಚ್ಚಿ ಉಜ್ಜಿದ್ದು, ಹೋಗದೆ ಬಿಟ್ಟದ್ದು.

"ಯಾವ ಕೈ?"

"ಬಲಗೈ."

ಸೆಪ್ಟೆಂಬರಿನಿಂದ ಮೊದಲ ಸಲ ಅವನು ಏಳಲು ಹವಣಿಸದೆ ಕೂತಿದ್ದ. ಸವಾರರು ಒಬ್ಬೊಬ್ಬರಾಗಿ ಇಳಿಜಾರಿಗೆ ಹೊರಟರು. ಬ್ರೇಕುಗಳ ಕಿರುಗುಡುವಿಕೆ ಕೆಳಗಿನಿಂದ ಕೇಳಿ ಬಂದು, ದೂರವಾಯಿತು. ಗೌದೆನ್ಸಿಯೊ ಮೇಜಿನ ಬಟ್ಟೆ ಮಡಚಿದ, ನಮ್ಮನ್ನು ಕರೆಯಲಿಲ್ಲ.

"ಆವತ್ತು ಗಡ್ಡ ಹೆರೀತಿದ್ದೆ" ಅಂದ ಎಲ್ವಿಯೊ. "ನೆಲಮಾಳಿಗೆ ಬಾಗ್ಲು ಕಿರ್ ಅಂತು. ಸಲಾಮಿ ತರಕ್ಕೆ ಹೋದ್ಲೇನೋ ಅಂದ್ಕೊಂಡೆ. ಕಾಫಿ ಉಕ್ಕತ್ತೆ ಕಣೇ ಅಂತ ಕೂಗಿದೆ. ಬಂದೇ ಅಂದ್ಲು."

ಹಾಗಾದರೆ ನಡೆದದ್ದು ಇಷ್ಟು. ಒಲೆಯ ಮೇಲೆ ಕಾಫಿ ಇಟ್ಟು, ಅದು ಆಗುವುದರೊಳಗೆ ಮುಂದಿನ ಚಕ್ರಕ್ಕೆ ಮೊದಲ ಕೋಟು ಹಚ್ಚಿಬಿಡೋಣ ಎಂದು ಅವಳು ಕೆಳಗಿಳಿದಳು. ಹಚ್ಚಿದಳು. ವಾಲ್ವಿನ ಪಕ್ಕ ಹೆಬ್ಬೆರಳು ಒತ್ತಿ ನೋಡಿದಳು, ಇನ್ನೂ ಹಸಿ. ಚಕ್ರವನ್ನು ಒಣಗಲು ಮೊಳೆಗೆ ತೂಗುಹಾಕಿ, ಗಂಡ ಕೂಗಿದ್ದಕ್ಕೆ ಬಂದೇ ಎಂದು ಮೆಟ್ಟಿಲು ಹತ್ತಿ ಬಂದು, ಒಲೆ ಆರಿಸಿದಳು.